ನೋವು ನಿಂತರೆ ಹಲ್ಲು ವಾಸಿಯಾಯಿತೇ?



‘ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ’ ಎಂಬ ಗಾದೆಯನ್ನು ಹೇಳಿ ನಾವು ವಿಧಿಯನ್ನು ದೂರುತ್ತೇವೆ. ಹಲ್ಲಿಲ್ಲದಿರುವುದಕ್ಕೆ ವಿಧಿಗಿಂತ ನಮ್ಮ ಉದಾಸೀನವೇ ಹೆಚ್ಚಿನ ಕಾರಣವೆಂಬುದು ನನ್ನ ಅಭಿಪ್ರಾಯ. ಮೇಟಗಳ್ಳಿಯ ನಮ್ಮ ಬೀದಿಯಲ್ಲಿ ಹಲ್ಲುನೋವಿನ ಮಾತು ಬಂದರೆ ಕೇಳಿಬರುವುದು ಎರಡೇ ಸಲಹೆ: ಲವಂಗದೆಣ್ಣೆ ಹಚ್ಚಿ, ಇಲ್ಲವೇ ಕೀಳಿಸಿಬಿಡಿ. ಮೂರನೆಯ ದಾರಿಯೊಂದಿದೆ, ಅದೇ ರೂಟ್ ಕೆನಾಲ್ ಚಿಕಿತ್ಸೆ.

ಹಲ್ಲಿನ ಹೊರಗೆ ಎನಾಮಲ್, ಅದರೊಳಗೆ ಡೆಂಟಿನ್, ನಡುವೆ ನರ ಮತ್ತು ರಕ್ತನಾಳಗಳುಳ್ಳ ಮೃದುವಾದ ತಿರುಳು. ಹುಳುಕು ತಿರುಳಿನವರೆಗೆ ಇಳಿದಾಗ ಅಲ್ಲಿ ಉರಿಯೂತವುಂಟಾಗುತ್ತದೆ; ಸುತ್ತಲೂ ಗಟ್ಟಿ ಗೋಡೆಯಿರುವುದರಿಂದ ಹಿಗ್ಗಲು ಎಡೆಯಿಲ್ಲ. ನಿದ್ದೆಗೆಡಿಸುವ ನೋವು ಇದೇ. ತಿರುಳು ಸತ್ತರೆ ನೋವು ತಾನಾಗಿ ನಿಲ್ಲಬಹುದು. ವಾಸಿಯಾಯಿತೆಂದು ನಾವು ನೆಮ್ಮದಿಗೊಳ್ಳುವುದು ಆಗ. ಸೋಂಕು ಬೇರಿನ ತುದಿಯಿಂದ ದವಡೆಯ ಮೂಳೆಗೆ ಇಳಿಯುವುದೂ ಆಗಲೇ. ಸತ್ತ ತಿರುಳಿನಲ್ಲಿ ರಕ್ತಸಂಚಾರವಿಲ್ಲದ ಕಾರಣ ಆ್ಯಂಟಿಬಯಾಟಿಕ್ ಮಾತ್ರೆ ಅಲ್ಲಿಗೆ ತಲುಪದು. ಲವಂಗದೆಣ್ಣೆ ನೋವನ್ನು ಕೊಂಚ ಮರೆಸೀತು, ಸೋಂಕನ್ನು ತೆಗೆಯದು.

ವೈದ್ಯರು ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು, ಕೆಟ್ಟ ತಿರುಳನ್ನು ತೆಗೆದು, ಬೇರಿನೊಳಗಿನ ನಾಳಗಳನ್ನು ಶುಚಿಗೊಳಿಸಿ, ಗಟ್ಟಾಪರ್ಚಾ ಎಂಬ ರಬ್ಬರಿನಂತಹ ವಸ್ತುವಿನಿಂದ ತುಂಬುತ್ತಾರೆ. ದವಡೆ ಹಲ್ಲಿನಲ್ಲಿ ಇಂತಹ ನಾಳಗಳು ಸಾಮಾನ್ಯವಾಗಿ 3 ಅಥವಾ 4. ಆ ಮೇಲೆ ಕ್ಯಾಪ್ ಹಾಕಿಸದಿದ್ದರೆ ಅಗಿಯುವಾಗ ಹಲ್ಲು ಒಡೆಯುವ ಸಂಭವವುಂಟು.

‘ಮೇಷ್ಟ್ರೇ, ಅಷ್ಟು ಖರ್ಚು ಯಾಕೆ? ಎರಡು ಮೂರು ಸಲ ಹೋದರೆ ಪಾಳಿಯೂ ತಪ್ಪುತ್ತದೆ’ ಎನ್ನುವ ಕಾರ್ಖಾನೆಯ ಕಾರ್ಮಿಕರ ಮಾತನ್ನು ನಾನು ಹಗುರವಾಗಿ ಕಾಣಲಾರೆ. ಕೀಳಿಸುವುದು ಅಗ್ಗವೆಂಬುದು ನಿಜ. ಆದರೆ ಕಾಲಕ್ರಮದಲ್ಲಿ ಪಕ್ಕದ ಹಲ್ಲುಗಳು ಖಾಲಿ ಜಾಗದತ್ತ ವಾಲಬಹುದು, ಎದುರಿನ ಹಲ್ಲು ತನ್ನ ಸ್ಥಾನದಿಂದ ಮುಂದಕ್ಕೆ ಬರಬಹುದು. ಕೃತಕ ಹಲ್ಲು ಕಟ್ಟಿಸುವ ಖರ್ಚು ಬೇರೆ. ಹಣದ ಅಡಚಣೆಯಿದ್ದವರು ದಂತ ಕಾಲೇಜುಗಳ ಆಸ್ಪತ್ರೆಗಳಲ್ಲಿ ವಿಚಾರಿಸುವುದು ಒಳಿತು. 1986ರಲ್ಲಿ ಆರಂಭವಾದ ಜೆಎಸ್‌ಎಸ್ ದಂತ ಕಾಲೇಜು ನಮಗೆ ಹತ್ತಿರದ ಬನ್ನಿಮಂಟಪದಲ್ಲೇ ಇದೆ.

ಎಲ್ಲ ಹಲ್ಲುಗಳನ್ನೂ ಉಳಿಸಲಾಗದು. ಬೇರು ಉದ್ದಕ್ಕೆ ಸೀಳಿದ್ದರೆ ಕೀಳಿಸುವುದೇ ಸರಿಯಾಗಬಹುದು. ಮುಖ ಊದಿಕೊಂಡು ಜ್ವರ ಬಂದರೆ, ನುಂಗಲು ಕಷ್ಟವಾದರೆ, ಒಂದು ದಿನವೂ ಕಾಯದೆ ಆಸ್ಪತ್ರೆಗೆ ಹೋಗಬೇಕು. ಉಳಿದಂತೆ, ಕುರ್ಚಿಯಲ್ಲಿ ಕುಳಿತೊಡನೆ ‘ಕಿತ್ತುಬಿಡಿ ಡಾಕ್ಟರೇ’ ಎನ್ನುವ ಬದಲು ‘ಇದನ್ನು ಉಳಿಸಲಾದೀತೇ?’ ಎಂದು ಕೇಳಿರಿ. ಶಾಲೆಯಲ್ಲಿ ಪ್ರಶ್ನೆ ಕೇಳಲು ಹಿಂಜರಿಯುತ್ತಿದ್ದವರೂ ಇಲ್ಲಿ ಹಿಂಜರಿಯಬೇಡಿ.