ಬಾಣಲೆಯೇ ನಮ್ಮ ಬಾಲಣ್ಣ!

ಗೆಳೆಯರೇ, ಈ ವಾರ ಸ್ಟುಡಿಯೋ ಬಿಟ್ಟು ಅಡುಗೆಮನೆಗೆ ನುಗ್ಗಿದ್ದೇನೆ. ಮುಖ ಸಿಂಡರಿಸಬೇಡಿ! ಊರು ಬಿಟ್ಟು ಬೆಂಗಳೂರಲ್ಲಿ ರೂಮು ಮಾಡಿ, ಹೋಟೆಲ್ ಬಿಲ್ಲಿಗೆ ಹೆದರಿ ಒಲೆ ಹಚ್ಚುವ ನಿಮ್ಮಂಥವರಿಗೇ ಈ ಮಾತು.

ನಮ್ಮ ಟಿ.ಎನ್. ಬಾಲಕೃಷ್ಣ ಅವರನ್ನು ನೆನೆಸಿಕೊಳ್ಳಿ. ಖಳನಾಗಬೇಕೇ? ಸೈ. ನಗಿಸಬೇಕೇ? ಸೈ. 1972ರ 'ಬಂಗಾರದ ಮನುಷ್ಯ'ದ ರಾಚೂಟಪ್ಪನಾಗಬೇಕೇ? ಅದಕ್ಕೂ ಸೈ. ಪಾತ್ರೆಗಳಲ್ಲಿ ಅಂಥ ಪಾತ್ರಧಾರಿ ಅಂದ್ರೆ ಕಬ್ಬಿಣದ ಬಾಣಲೆ. ಒಗ್ಗರಣೆ, ಪಲ್ಯ, ಉಪ್ಪಿಟ್ಟು, ಮಳೆ ಬಂದರೆ ಬೋಂಡಾ... ಯಾವುದಕ್ಕೂ ಇಲ್ಲ ಅನ್ನಲ್ಲ.

ನಾನು ಅಮೃತೂರಿನಿಂದ ಹೊರಟಾಗ ಅವ್ವ ಮನೆಯ ಬಾಣಲೆಯನ್ನೇ ಚೀಲಕ್ಕೆ ತುರುಕಿದಳು. ಕುಣಿಗಲ್ ಬಸ್ಸಿನಲ್ಲಿ ಅದು ಠಣ್ ಅಂದಾಗಲೆಲ್ಲ ನನಗೆ ನಾಚಿಕೆ. 1983ರಲ್ಲಿ ಒಂದು ಸಂಜೆ ಅದರಲ್ಲಿ ಟೊಮೇಟೊ ಗೊಜ್ಜು ಮಾಡಿ, ಅರ್ಧ ಹಾಗೇ ಬಿಟ್ಟು, 'ಕವಿರತ್ನ ಕಾಳಿದಾಸ'ದ ಸೆಕೆಂಡ್ ಷೋಗೆ ಓಡಿದೆ. ಬೆಳಿಗ್ಗೆ ನೋಡಿದರೆ ಗೊಜ್ಜು ಕಪ್ಪಗಾಗಿದೆ. ಬಾಯಿಗಿಟ್ಟರೆ ಮೊಳೆ ನೆಕ್ಕಿದ ರುಚಿ! ಕೋಪಕ್ಕೆ ನೀರು ತುಂಬಿ ಮೂಲೆಗೆ ತಳ್ಳಿದೆ.

ತಿಂಗಳಾದ ಮೇಲೆ ಅವ್ವ ಬಂದಳು. ತುಕ್ಕು ನೋಡಿ, "ನಿಮ್ಮಜ್ಜೀದು ಕಣ್ಲಾ ಇದು" ಅಂದಳು, ಅಷ್ಟೇ. ಸಿನಿಮಾ ತಾಯಿಯಾದರೆ ಅಳುತ್ತಿದ್ದಳು, ಒಂದು ಹಾಡೂ ಇರುತ್ತಿತ್ತು. ಅವ್ವ ಇಟ್ಟಿಗೆ ಪುಡಿ ತಗೊಂಡು ಉಜ್ಜೋಕೆ ಕೂತಳು.

ತಪ್ಪು ಬಾಣಲೆಯದಲ್ಲ. ಹುಣಸೆ, ಟೊಮೇಟೊ ಹುಳಿ ಕಬ್ಬಿಣವನ್ನು ತಿನ್ನುತ್ತೆ. ಅಂಥ ಅಡುಗೆಗೆ ಸ್ಟೀಲ್ ಪಾತ್ರೆ ಇಟ್ಟುಕೊಳ್ಳಿ. ಮಿಕ್ಕಿದ್ದನ್ನೂ ಆದ ಕೂಡಲೇ ಬೇರೆ ಪಾತ್ರೆಗೆ ಹಾಕಿ, ಬಾಣಲೆ ತೊಳೆದು, ಒಲೆ ಮೇಲೆ ಒಣಗಿಸಿ, ಒಂದು ತೊಟ್ಟು ಎಣ್ಣೆ ಸವರಿಡಿ.

ಕೊಳ್ಳೋಕೆ ಹೋದರೆ ಹೊಳಪಿಗೆ ಮರುಳಾಗಬೇಡಿ, ಎತ್ತಿ ನೋಡಿ. ತೂಕವಿರಬೇಕು. ತೆಳ್ಳಗಿದ್ದರೆ ರವೆ ನಡುವೆ ಸೀದು, ಅಂಚಲ್ಲಿ ಹಸಿಯಾಗೇ ಇರುತ್ತೆ. ದುಂಡು ತಳ ಊರಿನ ಸೌದೆ ಒಲೆಗೆ ಚೆನ್ನ. ಗ್ಯಾಸಿಗೆ ತಳ ಕೊಂಚ ಚಪ್ಪಟೆ ಇರಲಿ. ಹೊಸದನ್ನು ಸೋಪು ಹಾಕಿ ಉಜ್ಜಿ, ಒಣಗಿಸಿ, ತೆಳುವಾಗಿ ಎಣ್ಣೆ ಸವರಿ ಹೊಗೆಯಾಡುವಷ್ಟು ಕಾಯಿಸಿ. ಹೀಗೆ ಮೂರು ನಾಲ್ಕು ಸಲ. ಆ ಎಣ್ಣೆಯೇ ಗಟ್ಟಿ ಪದರವಾಗಿ ಕೂರುತ್ತೆ. ಆಮೇಲೆ ನೋಡಿ, ಉಪ್ಪಿಟ್ಟು ಹೇಗೆ ಜಾರುತ್ತೆ!

ನನ್ನದೋ, ಅಜ್ಜಿ ಕಾಲದ ದುಂಡು ತಳ. ಗ್ಯಾಸಿನ ಮೇಲೆ ಈಗಲೂ ಓಲಾಡುತ್ತೆ. ಬೇರೆ ತಂದಿಲ್ಲ. ಬಟ್ಟೆ ಸುತ್ತಿ ಅದರ ಕಿವಿ ಹಿಡಿದುಕೊಂಡೇ ಒಗ್ಗರಣೆ ಹಾಕುತ್ತೇನೆ.