ಮಾವನ ಮಸೂರ, ಗ್ರಹಣದ ಚಂದ್ರ

1980ರ ಫೆಬ್ರುವರಿ 16ರ ಮಧ್ಯಾಹ್ನ ದುಧನಿಯ ಬೀದಿಗಳಲ್ಲಿ ನರಪಿಳ್ಳೆಯೂ ಸುಳಿದಿರಲಿಲ್ಲವೆಂಬುದು ನನ್ನ ವಯಸ್ಸಿನ ವಾಚಕರಿಗೆ ನೆನಪಿದ್ದೀತು. ಅಂಕೋಲಾ, ಗದಗ, ರಾಯಚೂರುಗಳ ಮೇಲೆ ಹಾದುಹೋದ ಖಗ್ರಾಸ ಸೂರ್ಯಗ್ರಹಣವದು. ನಮ್ಮ ಕಡೆಗೆ ಪೂರ್ಣ ಕತ್ತಲೆಯಾಗದಿದ್ದರೂ ಸೂರ್ಯನ ಬಹುಭಾಗ ಮರೆಯಾಗಿ ಬಿಸಿಲು ಬಾಡಿತ್ತು. ಸೊಲ್ಲಾಪುರದಲ್ಲಿ ಛಾಯಾಚಿತ್ರದ ಕಸುಬು ಮಾಡಿಕೊಂಡಿದ್ದ ನನ್ನ ಸೋದರಮಾವ ಆ ದಿನಕ್ಕೆಂದೇ ಝೆನಿತ್ ಕ್ಯಾಮರಾವನ್ನೂ ಸೋವಿಯೆತ್ ದೇಶದ 300 ಮಿಲಿಮೀಟರಿನ ‘ತಾಯಿರ್’ ಟೆಲಿಫೋಟೋ ಮಸೂರವನ್ನೂ ಹೊತ್ತು ತಂದಿದ್ದನು. ಅಜ್ಜಿಯು ಬಾಗಿಲಿಗೆ ಅಗಳಿ ಹಾಕಿ, ಅದಕ್ಕೆ ಬೆನ್ನು ಕೊಟ್ಟು ಕುಳಿತುಬಿಟ್ಟಳು. ಗ್ರಹಣ ಬಿಟ್ಟ ಮೇಲೆ ಮಾವನು ಸ್ನಾನ ಮಾಡಿ, ಮಾತಿಲ್ಲದೆ ಸಂಜೆಯ ಗಾಡಿ ಹಿಡಿದನು. ಅವನು ತೀರಿಕೊಂಡ ಬಳಿಕ ಆ ಮಸೂರ ನಮ್ಮ ಮನೆಗೆ ಬಂದು ಕಬ್ಬಿಣದ ಪೆಟ್ಟಿಗೆಯ ತಳ ಸೇರಿತು.

2025ರ ಸೆಪ್ಟೆಂಬರ್ 7ರ ರಾತ್ರಿ ಖಗ್ರಾಸ ಚಂದ್ರಗ್ರಹಣವಿದೆಯೆಂದು ತಿಳಿದಾಗ ಅದನ್ನು ಹೊರತೆಗೆದವಳು ನನ್ನ ಮೊಮ್ಮಗಳು. ಒಂದೂವರೆ ಕಿಲೋ ತೂಕದ ಆ ಲೋಹ-ಗಾಜುಗಳ ಮುದ್ದೆಯನ್ನು ಅವಳ ಹೊಸ ಕ್ಯಾಮರಾಕ್ಕೆ ಜೋಡಿಸುವುದು ಹೇಗೆಂಬುದೇ ಮೊದಲ ಚಿಂತೆ. ಹಳೆಯ ಮಸೂರಗಳ ಬುಡದಲ್ಲಿ 42 ಮಿಲಿಮೀಟರ್ ಅಗಲದ ತಿರುಪು ಇರುತ್ತದೆ. ಅದನ್ನು ಇಂದಿನ ಕನ್ನಡಿಯಿಲ್ಲದ ಕ್ಯಾಮರಾಗಳಿಗೆ ಹೊಂದಿಸಲು ಬರಿಯ ಒಂದು ಟೊಳ್ಳು ಉಂಗುರ ಸಾಕು. ಅದರೊಳಗೆ ಗಾಜೂ ಇಲ್ಲ, ವಿದ್ಯುತ್ತೂ ಇಲ್ಲ. ಕನ್ನಡಿಯುಳ್ಳ ನಿಕಾನ್ ಕ್ಯಾಮರಾ ಇಟ್ಟುಕೊಂಡವರು ಮಾತ್ರ ಎಚ್ಚರ ವಹಿಸಬೇಕು. ಅದರಲ್ಲಿ ಮಸೂರದ ಬುಡಕ್ಕೂ ಚಿತ್ರ ಮೂಡುವ ಫಲಕಕ್ಕೂ ನಡುವಿನ ಅಂತರ ಒಂದು ಮಿಲಿಮೀಟರಿನಷ್ಟು ಹೆಚ್ಚಾಗಿರುವುದರಿಂದ, ಗಾಜಿಲ್ಲದ ಉಂಗುರ ತೊಡಿಸಿದರೆ ಆಕಾಶದ ಯಾವ ವಸ್ತುವೂ ಸ್ಪಷ್ಟವಾಗಿ ನಿಲ್ಲದು.

ನಾಭಿದೂರವನ್ನು 110ರಿಂದ ಭಾಗಿಸಿದರೆ ಸೂರ್ಯ ಅಥವಾ ಚಂದ್ರಬಿಂಬದ ಅಳತೆ ಸರಿಸುಮಾರಾಗಿ ಸಿಗುತ್ತದೆ. ನಮ್ಮ 300 ಮಿಲಿಮೀಟರಿಗೆ ಮೂರು ಮಿಲಿಮೀಟರಿಗೂ ಕಡಿಮೆಯ ಚಂದ್ರ! ಮೊಮ್ಮಗಳಿಗೆ ನಿರಾಶೆಯಾಯಿತು. ಹೆಸರುಕಾಳಿಗಿಂತ ಚಿಕ್ಕದಾದ ಚಂದ್ರನನ್ನೂ ಹಿಗ್ಗಿಸಿ ನೋಡಬಹುದಲ್ಲವೆ ಎಂದು ಸಮಾಧಾನ ಹೇಳಿದೆನು.

ರಾತ್ರಿ ಹತ್ತು ಗಂಟೆಗೆ ಮೂರು ನಿಮಿಷ ಮುಂಚೆ ಗ್ರಹಣ ಹಿಡಿಯಿತು. ಮಾಳಿಗೆಯ ಮೇಲೆ ಮುಕ್ಕಾಲಿ ನಿಲ್ಲಿಸಿ, ಗಾಳಿಗೆ ಅಲುಗದಂತೆ ಅದರ ನಡುವೆ ಜೋಳದ ಚೀಲವೊಂದನ್ನು ತೂಗುಬಿಟ್ಟೆವು. ಭಾದ್ರಪದದ ಮೋಡಗಳು ಸರಿಯುತ್ತಲೂ ಕೂಡುತ್ತಲೂ ಇದ್ದವು. ಹನ್ನೊಂದು ಗಂಟೆಯ ಸುಮಾರಿಗೆ ಚಂದ್ರನು ಪೂರ್ತಿ ನೆರಳಿಗೆ ಬಿದ್ದು ತಾಮ್ರದ ಬಣ್ಣಕ್ಕೆ ತಿರುಗಿದನು. ಭೂಮಿಯ ವಾಯುಮಂಡಲದ ಅಂಚಿನಲ್ಲಿ ಬಾಗಿ ಬಂದ ಕೆಂಪು ಬೆಳಕಷ್ಟೇ ಅವನನ್ನು ಮುಟ್ಟುತ್ತದೆಯಾದ್ದರಿಂದ ಆ ಬಣ್ಣ. ಈ ಸ್ಥಿತಿ 82 ನಿಮಿಷ ಉಳಿಯುವುದಿತ್ತು.

ಅದರಲ್ಲಿ ಮೊದಲ ಅರ್ಧ ಗಂಟೆಯನ್ನು ನನ್ನ ಜಾಣತನವೇ ನುಂಗಿತು. ಮಸೂರದ ಮೇಲೆ ಕೆತ್ತಿದ ಅನಂತದ ಗುರುತನ್ನು ನಂಬಿ ಅಲ್ಲಿಗೇ ತಿರುಗಿಸಿದ್ದೆನು. ಉಂಗುರದ ಕೂದಲೆಳೆಯಷ್ಟು ವ್ಯತ್ಯಾಸ ಆ ಗುರುತನ್ನು ಸುಳ್ಳಾಗಿಸಿತ್ತು. ಬೆಳಕು ಕಡಿಮೆಯೆಂದು ಶಟರನ್ನು ನಾಲ್ಕು ಸೆಕೆಂಡು ತೆರೆದಿಟ್ಟಿದ್ದೆನು. ಭೂಮಿ ಅಷ್ಟರಲ್ಲಿ ತಿರುಗದೆ ಇದ್ದೀತೆ? ಹನ್ನೊಂದು ಚಿತ್ರಗಳೂ ಕಲಸಿಹೋದ ಕುಂಕುಮದಂತೆ ಕಂಡವು. “ಅಜ್ಜಾ, ಹತ್ತಿರದ ಚುಕ್ಕಿ ನೋಡಿ ಹೊಂದಿಸೋಣ” ಎಂದಳು ಮೊಮ್ಮಗಳು. ಪರದೆಯಲ್ಲಿ ಚುಕ್ಕಿಯೊಂದನ್ನು ಹತ್ತು ಪಟ್ಟು ಹಿಗ್ಗಿಸಿ, ಅದು ಸೂಜಿಮೊನೆಯಾಗುವ ತನಕ ಉಂಗುರ ತಿರುಗಿಸಿದಳು. ಬೆಳಕಿಂಡಿಯನ್ನು 5.6ಕ್ಕೆ ಕಿರಿದುಗೊಳಿಸಿ, ಸಂವೇದನೆಯನ್ನು 3200ಕ್ಕೆ ಏರಿಸಿ, ಅರ್ಧ ಸೆಕೆಂಡು ತೆರೆದಳು. ಮತ್ತೆ ಮೋಡ ಮುಚ್ಚುವುದರೊಳಗೆ ಎರಡು ಒಳ್ಳೆಯ ಚಿತ್ರಗಳು ದಕ್ಕಿದವು.

ಅಷ್ಟರಲ್ಲಿ ಕೆಳಗೆ ಸೊಲ್ಲಾಪುರದ ಕಡೆಗೆ ಗಾಡಿಯೊಂದು ಹೋಯಿತು. ಇದೇ ದಾರಿಯಲ್ಲಿ ಸೊಲ್ಲಾಪುರ ದಾಟಿ ಪುಣೆಯತ್ತ ಸಾಗಿದರೆ ಜೇವೂರು ಎಂಬ ನಿಲ್ದಾಣವಿದೆ. ನಮ್ಮ ಅಕ್ಕಲಕೋಟೆ ತಾಲೂಕಿನ ಜೇವೂರಲ್ಲ, ಕರಮಾಳಾ ತಾಲೂಕಿನದು. 1898ರ ಜನವರಿ 22ರಂದು ಸೂರ್ಯನು ಅಲ್ಲಿ ಸುಮಾರು ಎರಡು ನಿಮಿಷ ಪೂರ್ತಿ ಮರೆಯಾದನು. ಆ ಎರಡು ನಿಮಿಷಕ್ಕಾಗಿ ಅಮೆರಿಕೆಯ ಲಿಕ್ ವೀಕ್ಷಣಾಲಯದ ಕ್ಯಾಂಪ್‌ಬೆಲ್ ಅವರು ಸಮುದ್ರ ದಾಟಿ ಬಂದು, 40 ಅಡಿ ನಾಭಿದೂರದ ಕ್ಯಾಮರಾವನ್ನು ಅಲ್ಲಿ ನಿಲ್ಲಿಸಿದ್ದರು. ಮಸೂರವನ್ನು ಸ್ಥಿರವಾಗಿಟ್ಟು, ಗಾಜಿನ ಫಲಕವನ್ನೇ ಗಡಿಯಾರದ ಯಂತ್ರದಿಂದ ಸೂರ್ಯನ ನಡೆಗೆ ಸರಿಯಾಗಿ ಜರುಗಿಸುವ ಏರ್ಪಾಡದು. ಮೇಲಿನ ಲೆಕ್ಕದಂತೆ ಬಿಂಬ ನಾಲ್ಕು ಅಂಗುಲಕ್ಕೂ ಮಿಗಿಲು! ಪುಣೆಯ ಮಹಾರಾಜ ತಖ್ತಸಿಂಗಜಿ ವೀಕ್ಷಣಾಲಯದ ಪ್ರೊಫೆಸರ್ ಕಾವಸಜಿ ನಾಯೆಗಾಂವಾಲಾ ಅವರೂ ಅದೇ ಜೇವೂರಿನಲ್ಲಿ ತಮ್ಮ ತಂಡದೊಡನೆ ಇದ್ದರು. ನಮ್ಮ ಜಿಲ್ಲೆಯ ಬಯಲಿನಲ್ಲಿ ಇಷ್ಟೆಲ್ಲ ನಡೆದು ಎಂಬತ್ತೆರಡು ವರ್ಷಗಳಾದ ಮೇಲೂ ನಾವು ಅಗಳಿ ಹಾಕಿಕೊಂಡು ಕುಳಿತಿದ್ದೆವಲ್ಲ ಎಂದು ನನಗೆ ನಾಚಿಕೆಯೆನಿಸಿತು.

ಆದರೂ ಅಜ್ಜಿಯ ಅಂಜಿಕೆಯೆಲ್ಲ ಹುಸಿಯೆಂದು ಹೇಳಲಾರೆ. ಚಂದ್ರಗ್ರಹಣಕ್ಕೆ ಯಾವ ಅಡ್ಡಗಾಜೂ ಬೇಡ. ಸೂರ್ಯನ ಮಾತು ಬೇರೆ. ಅಂದು ಮಾವನ ಬಳಿ ಇದ್ದುದು ಕ್ಷ-ಕಿರಣದ ಹಳೆಯ ಫಿಲ್ಮಿನ ತುಣುಕು ಮಾತ್ರ. ಅಂಥ ಮಸೂರದ ಹಿಂದೆ ಕಣ್ಣಿಟ್ಟಿದ್ದರೆ ದೃಷ್ಟಿಯೇ ಹೋಗಬಹುದಿತ್ತು. ಝೆನಿತ್ತಿನ ಬಟ್ಟೆಯ ಶಟರಂತೂ ಸುಟ್ಟು ತೂತಾಗುತ್ತಿತ್ತು. ಸೂರ್ಯನಿಗೆಂದೇ ತಯಾರಿಸಿದ ಶೋಧಕವನ್ನು ಮಸೂರದ ಮುಂಭಾಗಕ್ಕೇ, ಗಾಳಿಗೆ ಕಳಚದಂತೆ, ಕಟ್ಟಬೇಕು. ಹಿಂಬದಿಗೆ ಇಟ್ಟ ಗಾಜು ಕಾವಿಗೆ ಸೀಳುವುದುಂಟು.

ಮರುದಿನ ಅತ್ತೆಗೆ ಚಿತ್ರ ತೋರಿಸಿದೆವು. ತಾಮ್ರದ ಚಂದ್ರನನ್ನು ಬಹಳ ಹೊತ್ತು ನೋಡಿ, “ಅವರು ಇದನ್ನು ಕೊಂಡಾಗ ನನ್ನ ಬಿಲ್ವಾರ ಒತ್ತೆ ಇಟ್ಟಿದ್ದರು” ಎಂದಳು. ನಮಗಾರಿಗೂ ಆ ಸಂಗತಿ ತಿಳಿದಿರಲಿಲ್ಲ.

2027ರ ಆಗಸ್ಟ್ 2ರ ಸಂಜೆ ನಮ್ಮಲ್ಲಿ ಸೂರ್ಯನಿಗೆ ಖಂಡಗ್ರಹಣವಿದೆ. ಮಳೆಗಾಲದ ಮೋಡ ಏನು ಮಾಡೀತೋ! ಶೋಧಕವನ್ನಂತೂ ತರಿಸಿಟ್ಟಿದ್ದೇವೆ. ಮಸೂರ ಈಗ ಪೆಟ್ಟಿಗೆಯಲ್ಲಿಲ್ಲ, ಪಡಸಾಲೆಯ ಗೂಡಿನಲ್ಲಿದೆ.