ಬೀಗ ಹಾಕಿದ ಮನೆ, ಬಿಚ್ಚಿದ ಮಾಡು: ವಿಮೆಯ ಕರಾರು ಯಾರ ಭಾಷೆಯಲ್ಲಿದೆ?

ಮಂಜೇಶ್ವರ, ಕಾಸರಗೋಡು ತಾಲೂಕುಗಳ ಕನ್ನಡ ಗ್ರಾಮಗಳಲ್ಲಿ ಬೇಸಗೆಯೆಂದರೆ ಹಳೆಯ ಮನೆಗಳ ದುರಸ್ತಿಯ ಕಾಲ. ಎಣ್ಮಕಜೆ, ಪೈವಳಿಕೆ, ಬದಿಯಡ್ಕಗಳ ಕಡೆ ಮುರಕಲ್ಲಿನ ಗೋಡೆ, ಹಂಚಿನ ಮಾಡು ಇರುವ ಮನೆಗಳಲ್ಲಿ ಹಲವಕ್ಕೆ ಇಂದು ಬೀಗ ಬಿದ್ದಿದೆ. ಮಕ್ಕಳು ಬೆಂಗಳೂರು, ಮಂಗಳೂರು, ಕೊಲ್ಲಿ ರಾಷ್ಟ್ರಗಳಲ್ಲಿದ್ದಾರೆ. ಹಿರಿಯರು ಅವರನ್ನು ಸೇರಿಕೊಂಡಿದ್ದಾರೆ. ಊರಿನ ಬೇರು ಕಡಿಯಬಾರದೆಂಬ ಆಸೆಯಿಂದ ಮನೆಯನ್ನು ನವೀಕರಿಸಲು ಹೊರಟಾಗ ಹಂಚು ಇಳಿಯುತ್ತದೆ, ಗೆದ್ದಲು ತಿಂದ ಪಕ್ಕಾಸು, ರೀಪುಗಳು ಅಂಗಳಕ್ಕೆ ಬರುತ್ತವೆ. ಮೇಸ್ತ್ರಿ ಹೇಳಿದ ಎರಡು ತಿಂಗಳು ಆರಾಗುವುದು ನಮಗೆಲ್ಲ ತಿಳಿದ ಸಂಗತಿ. ಅಷ್ಟರಲ್ಲಿ ಜೂನ್ ಮಳೆ ಹಿಡಿಯುತ್ತದೆ. ಸಾಲ ಪಡೆದವರ ಕಪಾಟಿನಲ್ಲಿ ಬ್ಯಾಂಕು ಮಾಡಿಸಿದ ವಿಮೆಯ ಪತ್ರವೊಂದು ಇರುತ್ತದೆ. ಆ ಪತ್ರ ಈ ಆರು ತಿಂಗಳಲ್ಲಿ ಎಷ್ಟರ ಮಟ್ಟಿಗೆ ಆಸರೆಯಾದೀತು ಎಂಬುದನ್ನು ನಾವು ಸಾಮಾನ್ಯವಾಗಿ ವಿಚಾರಿಸುವುದೇ ಇಲ್ಲ.

ವಿಮಾ ನಿಯಂತ್ರಣ ಪ್ರಾಧಿಕಾರದ ಆದೇಶದಂತೆ 2021ರ ಏಪ್ರಿಲ್ 1ರಿಂದ ವಾಸದ ಮನೆಗಳಿಗೆ ‘ಭಾರತ್ ಗೃಹ ರಕ್ಷಾ’ ಎಂಬ ಏಕರೂಪದ ಪಾಲಿಸಿ ಜಾರಿಯಲ್ಲಿದೆ. ಬೆಂಕಿ, ಸಿಡಿಲು, ಭೂಕಂಪ, ಬಿರುಗಾಳಿ, ನೆರೆ, ಭೂಕುಸಿತ, ದೊಂಬಿ ಮುಂತಾದವುಗಳಿಂದಾಗುವ ಹಾನಿ ಇದರಲ್ಲಿ ಸೇರಿದೆ. ಮನೆಯ ವಿಸ್ತೀರ್ಣ ಮತ್ತು ಪುನಃ ಕಟ್ಟಲು ತಗಲುವ ವೆಚ್ಚದ ಲೆಕ್ಕದಲ್ಲಿ ವಿಮಾ ಮೊತ್ತ ನಿಗದಿಯಾಗುತ್ತದೆ. ಒಳಗಿನ ಸಾಮಾನುಗಳಿಗೆ ಕಟ್ಟಡದ ಮೊತ್ತದ ಶೇಕಡಾ 20ರಷ್ಟು, ಗರಿಷ್ಠ 10 ಲಕ್ಷ ರೂಪಾಯಿಯವರೆಗೆ, ವಿವರ ಪಟ್ಟಿ ಕೊಡದೆಯೇ ರಕ್ಷಣೆ ದೊರೆಯುತ್ತದೆ. ಒಟ್ಟಿನಲ್ಲಿ ಇದು ಹಿಂದಿನವುಗಳಿಗಿಂತ ಉತ್ತಮವಾದ ಪಾಲಿಸಿಯೆಂಬುದರಲ್ಲಿ ಸಂಶಯವಿಲ್ಲ. ಆದರೆ ಅದರ ಕಣ್ಣ ಮುಂದಿರುವುದು ಜನ ವಾಸಿಸುವ, ಮಾಡು ಭದ್ರವಾಗಿರುವ ಮನೆ. ಖಾಲಿ ಮನೆ, ಅದರಲ್ಲೂ ಕೆಲಸ ನಡೆಯುತ್ತಿರುವ ಖಾಲಿ ಮನೆ, ಕಂಪನಿಯ ದೃಷ್ಟಿಯಲ್ಲಿ ಬೇರೆಯೇ ವಸ್ತು.

ಕಾರಣ ಸರಳ. ಜನರಿಲ್ಲದ ಮನೆಯಲ್ಲಿ ತಂತಿಯೊಂದು ಕಿಡಿ ಹಾರಿಸಿದರೆ ನಂದಿಸುವವರಿಲ್ಲ. ನೀರಿನ ಕೊಳವೆ ಒಡೆದರೆ ವಾರಗಟ್ಟಲೆ ಯಾರಿಗೂ ತಿಳಿಯುವುದಿಲ್ಲ. ಆದುದರಿಂದಲೇ ಹಳೆಯ ಪ್ರಮಾಣಿತ ಅಗ್ನಿ ವಿಮೆಯಲ್ಲಿ, ಕಟ್ಟಡವು 30 ದಿನಗಳಿಗಿಂತ ಹೆಚ್ಚು ಕಾಲ ಖಾಲಿ ಬಿದ್ದಲ್ಲಿ, ನಷ್ಟ ಸಂಭವಿಸುವ ಮೊದಲೇ ಕಂಪನಿಯ ಒಪ್ಪಿಗೆಯನ್ನು ಪಾಲಿಸಿಯ ಮೇಲೆ ನಮೂದಿಸಿಕೊಳ್ಳದಿದ್ದರೆ ವಿಮೆ ನಿಂತುಹೋಗುತ್ತದೆ ಎಂಬ ಷರತ್ತು ಬಂದಿತು. ಮನೆ ಖಾಲಿಯಿರುವ ಬಗ್ಗೆ ನಮ್ಮ ಪಾಲಿಸಿ ಏನು ಹೇಳುತ್ತದೆಂಬುದನ್ನು ಏಜೆಂಟರ ಬಾಯಿಮಾತಿನಿಂದಲ್ಲ, ಪತ್ರದ ಒಕ್ಕಣೆಯಿಂದಲೇ ತಿಳಿಯಬೇಕು. ಕಟ್ಟಡಕ್ಕೆ ಸೇರ್ಪಡೆ, ಮಾರ್ಪಾಡು ಮಾಡುವುದಿದ್ದರಂತೂ ಕಂಪನಿಗೆ ಲಿಖಿತವಾಗಿ ತಿಳಿಸಿ, ಒಪ್ಪಿಗೆಯನ್ನು ಲಿಖಿತವಾಗಿಯೇ ಪಡೆಯಬೇಕು. ಫೋನಿನಲ್ಲಿ ಹೇಳಿದ್ದಕ್ಕೆ ನಾಳೆ ಸಾಕ್ಷಿಯಿಲ್ಲ.

ಇನ್ನೊಂದು ಷರತ್ತು ನಮ್ಮ ಗುಡ್ಡದ ಬದಿಯ ಮನೆಗಳಿಗೆ ನೇರವಾಗಿ ತಾಗುವಂಥದು. ಭೂಕುಸಿತಕ್ಕೆ ರಕ್ಷಣೆಯಿದೆ, ನಿಜ. ಆದರೆ ಕೆಡಹುವಿಕೆ, ನಿರ್ಮಾಣ, ರಚನೆಯ ಬದಲಾವಣೆ, ದುರಸ್ತಿ ಅಥವಾ ಅಗೆತದಿಂದ ಉಂಟಾದ ಕುಸಿತ ಅದರಿಂದ ಹೊರಗೆ. ಈ ಮಾತು ‘ಯಾವುದೇ ಸ್ವತ್ತಿನ’ ಕೆಲಸಕ್ಕೆ ಅನ್ವಯಿಸುವುದನ್ನು ಗಮನಿಸಬೇಕು. ಹಿಂಬದಿಗೆ ಅಡುಗೆ ಕೋಣೆ ವಿಸ್ತರಿಸಲೆಂದು ಜೆಸಿಬಿ ತರಿಸಿ ಗುಡ್ಡ ತರಿದು, ಮಳೆಗೆ ಆ ಬರೆ ಕುಸಿದು ಗೋಡೆಯ ಮೇಲೆ ಬಿದ್ದಿತೆನ್ನೋಣ. ಮನೆಯವರಿಗೆ ಅದು ಮಳೆಯ ವಿಕೋಪ. ಸರ್ವೇಯರರಿಗೆ ಅದು ಅಗೆತದ ಫಲ. ನೆರೆಯವರು ಅಗೆದಿದ್ದರೂ ಇದೇ ವಾದ ಎದುರಾಗಬಹುದು. ಕಳಪೆ ಕೆಲಸ, ಕಳಪೆ ಸಾಮಗ್ರಿಯಿಂದಾದ ಕುಸಿತಕ್ಕೂ ಪರಿಹಾರವಿಲ್ಲ.

ಕೆಲಸದ ಅವಧಿಗೆಂದೇ ಇರುವುದು ‘ಕಾಂಟ್ರಾಕ್ಟರ್ಸ್ ಆಲ್ ರಿಸ್ಕ್’ ಪಾಲಿಸಿ. ನಡೆಯುತ್ತಿರುವ ಕಾಮಗಾರಿ, ತಂದಿರಿಸಿದ ಸಾಮಗ್ರಿ, ಹೊರಗಿನವರಿಗಾಗುವ ಹಾನಿ ಇವು ಅದರ ವ್ಯಾಪ್ತಿಯವು. ಆದರೆ ಮೊದಲೇ ನಿಂತಿರುವ ಹಳೆಯ ಮನೆ ತಾನಾಗಿ ಅದರಲ್ಲಿ ಸೇರುವುದಿಲ್ಲ. ಹೆಚ್ಚುವರಿ ಕಂತು ತೆತ್ತು ಬೇರೆಯಾಗಿ ಸೇರಿಸಿಕೊಳ್ಳಬೇಕು. ದೊಡ್ಡ ಗುತ್ತಿಗೆದಾರರಿಗೆ ಇದು ಗೊತ್ತಿದೆ. ದಿನಗೂಲಿಯ ಲೆಕ್ಕದಲ್ಲಿ ಮೇಸ್ತ್ರಿಯಿಂದ ಕೆಲಸ ಮಾಡಿಸುವ ನಮ್ಮ ಊರುಗಳಲ್ಲಿ ಇದರ ಹೆಸರು ಕೇಳಿದವರೇ ವಿರಳ. ಮಾಡಿನಿಂದ ಜಾರಿಬಿದ್ದ ಕೂಲಿಯಾಳಿನ ಚಿಕಿತ್ಸೆಯ ಹೊಣೆ ಯಾರದೆಂಬ ಪ್ರಶ್ನೆಯೂ ಬಿದ್ದ ಮೇಲೆಯೇ ಏಳುತ್ತದೆ. ಕೆಲಸಗಾರರ ಪರಿಹಾರದ ವಿಮೆ ಪ್ರತ್ಯೇಕ, ಮನೆ ವಿಮೆ ಅದನ್ನು ಹೊರುವುದಿಲ್ಲ.

ಕಳವಿನ ವಿಷಯದಲ್ಲಿ ಭ್ರಮೆ ಇನ್ನೂ ಹೆಚ್ಚು. ಬೆಂಕಿ, ನೆರೆಯಂಥ ವಿಮಿತ ಘಟನೆಯೊಂದು ನಡೆದು, ಅದರ ಕಾರಣದಿಂದ 7 ದಿನಗಳೊಳಗೆ ಕಳವಾದರೆ ಮಾತ್ರ ಗೃಹ ರಕ್ಷಾ ಪಾಲಿಸಿಯ ಮೂಲ ರಕ್ಷಣೆ ಲಭ್ಯ. ಅಂಗಳದಲ್ಲಿ ಒಟ್ಟಿದ ಸಾಗುವಾನಿ ಬಾಗಿಲು, ತಾಮ್ರದ ಹಂಡೆ ರಾತ್ರೋರಾತ್ರಿ ಮಾಯವಾದರೆ ಅದು ಲೆಕ್ಕಕ್ಕಿಲ್ಲ. ಕನ್ನ ಕಳವಿಗೆ ಬೇರೆ ಪಾಲಿಸಿ ಬೇಕು. ಅಲ್ಲಿಯೂ ಬಲವಂತದ ಪ್ರವೇಶದ ಗುರುತು ಕೇಳುತ್ತಾರೆ. ಪಾಲಿಸಿಯಲ್ಲಿ ಹಾಗೆಂದು ಬರೆದಿದ್ದರೆ ಅದೇ ಅಂತಿಮವೆಂದು ಸರ್ವೋಚ್ಚ ನ್ಯಾಯಾಲಯವು 2004ರಲ್ಲಿ ಹರ್‌ಚಂದ್ ರಾಯ್ ಚಂದನ್ ಲಾಲ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಬಾಗಿಲನ್ನೇ ಕಳಚಿಟ್ಟ ಮನೆಯಲ್ಲಿ ಒಡೆದ ಬೀಗದ ಗುರುತು ತೋರಿಸುವುದೆಲ್ಲಿಂದ?

ಇಷ್ಟನ್ನೂ ಓದಿ ತಿಳಿಯಬೇಕಾದ ಪತ್ರ ಇಂಗ್ಲಿಷಿನಲ್ಲಿದೆ. ಜತೆಗೆ ಹೆಚ್ಚೆಂದರೆ ಮಲಯಾಳದ ಕರಪತ್ರ. ಕೇರಳದ 1969ರ ಅಧಿಕೃತ ಭಾಷಾ ಕಾಯಿದೆ ಕನ್ನಡ ಅಲ್ಪಸಂಖ್ಯಾತರಿಗೆ ರಾಜ್ಯ ಸರಕಾರದೊಡನೆ ತಮ್ಮ ಭಾಷೆಯಲ್ಲಿ ವ್ಯವಹರಿಸುವ ಹಕ್ಕು ನೀಡಿದೆ. ಆದರೆ ಆ ಹಕ್ಕು ವಿಮಾ ಕಂಪನಿಯ ಹೊಸ್ತಿಲು ದಾಟುವುದಿಲ್ಲ. ಪ್ರಾಧಿಕಾರದ 2002ರ ನಿಯಮಾವಳಿಯು ಸಂವಿಧಾನ ಮಾನ್ಯ ಭಾಷೆಗಳಲ್ಲಿ ಅರ್ಜಿ, ದಾಖಲೆಗಳನ್ನು ಒದಗಿಸ‘ಬಹುದು’ ಎಂದಿತು, ‘ಬೇಕು’ ಎನ್ನಲಿಲ್ಲ. ಆ ಒಂದು ಕ್ರಿಯಾಪದದ ಸಂದಿಯಲ್ಲಿ ಕನ್ನಡ ಜಾರಿಹೋಗಿದೆ. ಮಂಗಳೂರಿನಲ್ಲಿ ಕನ್ನಡದ ಕರಪತ್ರ ಹಂಚುವ ಕಂಪನಿಗೆ ತಲಪಾಡಿ ದಾಟಿದೊಡನೆ ಕನ್ನಡ ಓದುಗರು ಕಾಣಿಸದಿರುವುದು ನಮ್ಮ ಮಟ್ಟಿಗೆ ಆಶ್ಚರ್ಯದ ವಿಷಯವೇನಲ್ಲ. ಅಕ್ಕಲಕೋಟೆ, ತಾಳವಾಡಿ, ಮಡಕಶಿರದ ಕನ್ನಡಿಗರಿಗೂ ಈ ಅನುಭವ ಹೊಸದಾಗಿರಲಾರದು. ಅರ್ಜಿಯನ್ನು ಬೇರೆಯವರು ತುಂಬಿದಾಗ ‘ವಿವರಿಸಿ ಹೇಳಲಾಗಿದೆ, ನನಗೆ ಅರ್ಥವಾಗಿದೆ’ ಎಂಬ ದೃಢೀಕರಣಕ್ಕೆ ಸಹಿ ಪಡೆಯುವ ಕ್ರಮವುಂಟು. ವಿವರಿಸದೆ ಸಹಿ ಕೇಳಿದರೆ ಹಾಕದಿರುವುದು ಲೇಸು.

ಗಡಿಯವರಿಗೆ ಅನುಕೂಲವಾದ ಒಂದಂಶ ವಿಮಾ ಒಂಬುಡ್ಸ್‌ಮನ್ ನಿಯಮಗಳಲ್ಲಿದೆ. ದೂರುದಾರರ ವಾಸಸ್ಥಳ ಅಥವಾ ಪಾಲಿಸಿ ನೀಡಿದ ಶಾಖೆ, ಇವೆರಡರಲ್ಲಿ ಯಾವುದರ ವ್ಯಾಪ್ತಿಯಲ್ಲಾದರೂ ದೂರು ಸಲ್ಲಿಸಬಹುದು. ಕಾಸರಗೋಡಿನಲ್ಲಿ ವಾಸಿಸುತ್ತ ಮಂಗಳೂರಿನ ಶಾಖೆಯಲ್ಲಿ ಪಾಲಿಸಿ ಮಾಡಿಸಿದವರಿಗೆ ಕೊಚ್ಚಿಯ ಕಚೇರಿಯಷ್ಟೇ ಅಲ್ಲ, ಬೆಂಗಳೂರಿನದೂ ತೆರೆದಿದೆ. ಮೊದಲು ಕಂಪನಿಗೇ ಲಿಖಿತ ದೂರು ಕೊಟ್ಟಿರಬೇಕು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ತಿರಸ್ಕೃತವಾದರೆ ಒಂದು ವರ್ಷದೊಳಗೆ ಒಂಬುಡ್ಸ್‌ಮನ್‌ರ ಬಳಿಗೆ ಹೋಗಬೇಕು. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಈ ಬಾರಿ ಹಂಚು ಇಳಿಸುವವರು ಅದಕ್ಕೆ ಮುನ್ನ ಮನೆಯ ನಾಲ್ಕೂ ಬದಿಯ ಫೋಟೋ ತೆಗೆದಿರಿಸಿ, ಕಂಪನಿಗೆ ಬರೆಯುವ ಪತ್ರದೊಡನೆ ಪಾಲಿಸಿಯ ಷರತ್ತುಗಳ ಕನ್ನಡ ಪ್ರತಿಯನ್ನೂ ಲಿಖಿತವಾಗಿ ಕೇಳಲಿ. ಕೊಡಲಾಗದು ಎಂಬ ಉತ್ತರ ಬಂದರೂ ಅದನ್ನು ಜೋಪಾನವಾಗಿ ಇರಿಸಿಕೊಳ್ಳಲಿ. ಪ್ರಾಧಿಕಾರದ ಮುಂದೆ ಬೇಡಿಕೆಯಿಡಲು ನಮ್ಮ ಸಂಘಟನೆಗಳಿಗೆ ಬೇಕಾಗಿರುವುದು ಅಂಥ ಪತ್ರಗಳೇ.